ಒಂದನೇ ನಂಬರಿನ ಫೋನು

ನಮ್ಮ ಮನೆಗೆ ಫೋನು ಬಂದಾಗ ಮಾವ ಅದನ್ನು ದೇವರ ಮನೆಯಲ್ಲಿ ಇಡಿಸಿದರು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಆಗ ನನಗೂ ನಗು ಬಂದಿತ್ತು, ಮೊದಲ ತಿಂಗಳು ಕಳೆಯುವವರೆಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಶೀಳನೆರೆ ಹೋಬಳಿಯ ಒಂದು ಹಳ್ಳಿಗೆ ಸೊಸೆ, ಅದೇ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ನರ್ಸು. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು, ಜನ ನರ್ಸಮ್ಮ ಅಂತಿದ್ದರು. ಸುತ್ತಲಿನ ಐದು ಹಳ್ಳಿಗಳ ಬಸುರಿ ಬಾಣಂತಿಯರೆಲ್ಲ ನನ್ನ ಜವಾಬ್ದಾರಿ. ಮಾವ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದರು. ಕೊನೆಗೊಂದು ದಿನ ಲೈನ್‌ಮ್ಯಾನು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದು, "ಎಲ್ಲಿಗಾಕ್ಲಿ ಯಜಮಾನ್ರೇ?" ಅಂದ.

"ದೇವ್ರ ಮನೇಲಾಕು. ಬೀಗ ಇರೋದು ಅಲ್ಲೊಂದ್ಕೇಯ, ಸೋರ್ದೆ ಇರೋದೂ ಅದೊಂದೇಯ," ಅಂದರು ಮಾವ.

ಮಾತು ಸುಳ್ಳಲ್ಲ. ಹೆಂಚಿನ ಮನೆಯಲ್ಲಿ ಆ ಒಂದು ಕೋಣೆಗೆ ಮಾತ್ರ ತಾರಸಿ ಇತ್ತು. ದೇವರ ಪಟಗಳ ಕೆಳಗಿನ ಗೂಡಿನಲ್ಲಿ ಫೋನು ಕೂತಿತು. ಅತ್ತೆ ಅದಕ್ಕೂ ಅರಿಸಿನ ಕುಂಕುಮ ಇಟ್ಟರು. ಐದರ ಗುಂಡಿಯ ಮೇಲೆ ಕುಂಕುಮ ಅಂಟಿಕೊಂಡು, ಅದನ್ನು ಒತ್ತಿದವರ ಬೆರಳೆಲ್ಲ ಕೆಂಪಾಗುತ್ತಿತ್ತು.

ನನಗೆ ಕಷ್ಟ ಬಂದದ್ದು ಕುಂಕುಮದಿಂದಲ್ಲ. ಆ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ. ಹಿತ್ತಿಲ ಜಗಲಿಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಆ ಮೂರು ದಿನ ಯಾರೂ ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ. ನೆಲದ ಮೇಲಿಟ್ಟು ಹಿಂದೆ ಸರಿದರೆ ಇನ್ನೊಬ್ಬರು ಬಂದು ಎತ್ತಿಕೊಳ್ಳಬೇಕು. ಬಾಬುರಾಯನಕೊಪ್ಪಲಿನ ನನ್ನ ತವರಿನಲ್ಲಿ ಇಷ್ಟೆಲ್ಲ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ, ಮೂರು ದಿನ ತಾನೆ, ಅಡುಗೆಮನೆಯ ಕೆಲಸವೂ ತಪ್ಪಿತು ಅಂತ ನಾನೂ ಸುಮ್ಮನಿದ್ದುಬಿಟ್ಟಿದ್ದೆ. ಆದರೆ ಸರ್ಕಾರದ ಕೆಲಸಕ್ಕೆ ಆ ಮೂರು ದಿನದ ರಜೆ ಇಲ್ಲವಲ್ಲ. ಹಿತ್ತಿಲ ಬಾಗಿಲಿನಿಂದಲೇ ಹೊರಟು, ಐದು ಹಳ್ಳಿ ಸುತ್ತಿ, ಕಂಡವರ ಮಕ್ಕಳನ್ನೆಲ್ಲ ತೊಡೆಯ ಮೇಲೆ ಹಾಕಿಕೊಂಡು ಚುಚ್ಚುಮದ್ದು ಕೊಟ್ಟು, ಸಂಜೆ ಹಿತ್ತಿಲ ಬಾಗಿಲಿನಿಂದಲೇ ಬಂದು ಚಾಪೆಯ ಮೇಲೆ ಕೂರುತ್ತಿದ್ದೆ. ಊರಿನ ಮಕ್ಕಳನ್ನೆಲ್ಲ ಮುಟ್ಟಿ ಬಂದ ಕೈ ಮನೆಯ ಫೋನನ್ನು ಮುಟ್ಟುವಂತಿರಲಿಲ್ಲ.

ಒಂದು ಭಾನುವಾರ. ಮಾವ ಸಂತೆಗೆ ಹೋಗಿದ್ದರು. ಅತ್ತೆ ರಾಗಿ ಹೊಲದಲ್ಲಿದ್ದರು. ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಯಾವುದೋ ಮದುವೆಗೆ ಹೋಗಿದ್ದರು. ಅದು ನನ್ನ ಎರಡನೆಯ ದಿನ. ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ನಾನು ಎದ್ದು ಹಿತ್ತಿಲ ಬಾಗಿಲ ಹೊಸ್ತಿಲವರೆಗೆ ಹೋದೆ. ದೇವರ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ದೀಪ ಉರಿಯುತ್ತಿತ್ತು, ಫೋನು ಕಾಣುತ್ತಿತ್ತು. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಹೊಸ್ತಿಲು ದಾಟಲಿಲ್ಲ. ನಾಲ್ಕು ಸಲ ಬಡಿದುಕೊಂಡು ಫೋನು ಸುಮ್ಮನಾಯಿತು.

ಅದು ಮೂರು ಮೈಲಿ ಆಚೆಯ ಹಳ್ಳಿಯ ಅಂಗಡಿಯಿಂದ ಬಂದ ಫೋನು. ಅಲ್ಲಿ ಚೊಚ್ಚಲ ಬಸುರಿಯೊಬ್ಬಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ನಾಲ್ಕನೇ ತಿಂಗಳಿಂದ ಅವಳನ್ನು ನೋಡಿಕೊಂಡು ಬಂದವಳು ನಾನು. ನರ್ಸಮ್ಮ ಮನೆಯಲ್ಲಿಲ್ಲ ಅಂದುಕೊಂಡು ಅವರು ಅವಳನ್ನು ಟ್ರಾಕ್ಟರಿಗೆ ಹತ್ತಿಸಿ ಕೆ.ಆರ್. ಪೇಟೆ ಕಡೆ ಹೊರಟರು. ಹೆರಿಗೆ ದಾರಿಯಲ್ಲೇ ಆಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಅಂತ ಆಮೇಲೆ ಹೇಳಿದರು. ಸುತ್ತಿಕೊಂಡ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿ ಬಿಡಿಸುವುದು ನನಗೆ ಗೊತ್ತಿತ್ತು. ಎಷ್ಟೋ ಸಲ ಬಿಡಿಸಿದ್ದೆ. ನಾನು ಹೋಗಿದ್ದರೆ ಆ ಮಗು ಉಳಿಯುತ್ತಿತ್ತೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ಬೈಯುವುದಕ್ಕೆ ನಾನು ಫೋನು ಕೇಳಿಸಿಕೊಂಡೂ ಎತ್ತದೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲವಲ್ಲ. ಆದರೆ ನನಗೆ ಗೊತ್ತಿತ್ತು. ತಿಂಗಳು ತಿಂಗಳು ಹುಡುಗಿಯರನ್ನು ಕೂರಿಸಿಕೊಂಡು, ಇದು ಕೊಳೆಯಲ್ಲ, ಇದರಲ್ಲಿ ನಾಚುವುದೇನಿಲ್ಲ ಅಂತ ಪಾಠ ಮಾಡುವವಳು ನಾನು. ಆವತ್ತು ನನ್ನನ್ನು ಯಾರೂ ಹಿಡಿದು ನಿಲ್ಲಿಸಿರಲಿಲ್ಲ. ನಾನೇ ನಿಂತುಕೊಂಡಿದ್ದೆ. ಅತ್ತೆಯ ಮೇಲೆ ಬಂದ ಕೋಪಕ್ಕಿಂತ ಹೆಚ್ಚು ಕೋಪ ನನ್ನ ಮೇಲೆ ಬಂತು. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮುಂದಿನ ವಾರವೇ ಯಾರನ್ನೂ ಕೇಳದೆ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ರೇಡಿಯೋ, ಟಿ.ವಿ., ಫೋನು ಎಲ್ಲ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ಕಿದ್ದ. ನನ್ನ ತವರಿನ ಕಡೆಯವನು, ನನ್ನನ್ನು ಅಕ್ಕಾ ಅಂತಿದ್ದ.

"ಹಿತ್ಲಗೊಂದು ಫೋನ್ ಬೇಕು ಕಣಪ್ಪ," ಅಂದೆ.

ಅವನು ಮೊದಲು ಸುಲಭದ ದಾರಿ ತೋರಿಸಿದ. ಅದೇ ತಂತಿಗೆ ಇನ್ನೊಂದು ತಂತಿ ಸೇರಿಸಿ ಹಿತ್ತಿಲವರೆಗೆ ಎಳೆದು ಇನ್ನೊಂದು ಫೋನು ಹಾಕುವುದು. ಪ್ಯಾರಲಲ್ ಅಂತಿದ್ದರು. ಎರಡೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಎತ್ತಿ ಕೇಳಿಸಿಕೊಳ್ಳಬಹುದು.

"ಅದು ಬ್ಯಾಡ," ಅಂದೆ. ನನಗೆ ಫೋನು ಮಾಡುವ ಹೆಂಗಸರು ಏನೇನು ಹೇಳಿಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಮಕ್ಕಳಾಗದ ಹಾಗೆ ವಂಕಿ ಹಾಕಿಸಿಕೊಂಡಿದ್ದನ್ನು ಗಂಡನಿಗೆ ತಿಳಿಸಬೇಡಿ ಅನ್ನುವವಳು, ಗರ್ಭ ಇಳಿದುಹೋದದ್ದನ್ನು ಅತ್ತೆಗೆ ಹೇಳಿಲ್ಲ ಅನ್ನುವವಳು. ಅದನ್ನೆಲ್ಲ ನಮ್ಮ ಮಾವ ದೇವರ ಮನೆಯಲ್ಲಿ ನಿಂತುಕೊಂಡು ಕೇಳಬೇಕೇ?

ಆಗ ಅವನು ಬೀರುವಿನಿಂದ ಒಂದು ಬಿಳಿಯ ಡಬ್ಬ ತೆಗೆದ. ಹೊರಗಿನಿಂದ ಒಂದು ಲೈನು ಒಳಗೆ ಬರುತ್ತೆ, ಮೂರು ಫೋನಿಗೆ ಮೂರು ಬೇರೆ ತಂತಿ ಹೋಗುತ್ತೆ. ಒಬ್ಬರು ಎತ್ತಿದರೆ ಉಳಿದ ಎರಡೂ ಮೂಕ. ಒಂದು ಫೋನಿಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸಬಹುದು. ಮನೆಯೊಳಗೇ ಒಂದರಿಂದ ಇನ್ನೊಂದಕ್ಕೆ ಮಾತಾಡಬಹುದು. ಡಬ್ಬವನ್ನು ಅತ್ತ ಇತ್ತ ತಿರುಗಿಸಿ ನೋಡಿದೆ. ನನಗೆ ಬೇಕಾದದ್ದು ಇದೇ ಅನ್ನಿಸಿತು.

"ಒಂದ್ ವಿಷ್ಯ ಅಕ್ಕಾ," ಅಂದ. "ಇದು ಕರೆಂಟಲ್ಲಿ ಓಡೋದು. ಕರೆಂಟ್ ಓದ್ರೆ ಡಬ್ಬ ಸತ್ತಂಗೇಯ. ಆವಾಗ ಲೈನು ನೇರವಾಗಿ ಒಂದ್ನೇ ನಂಬರ್ ಫೋನ್‌ಗೆ ಓಯ್ತದೆ, ಮಿಕ್ಕಿದ್ ಎರಡೂ ಕೆಲ್ಸ ಮಾಡಾಕಿಲ್ಲ. ಯಾವ್ದನ್ನ ಒಂದ್ನೇದು ಮಾಡ್ಲಿ?"

"ದೇವ್ರ ಮನೇದು," ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಮೊದಲಿನಿಂದ ಅಲ್ಲಿದೆ, ಮೊದಲನೆಯದು ಅದೇ ತಾನೆ? ಜಗಳಕ್ಕೆ ಸೊಂಟ ಕಟ್ಟಿ ಹೊರಟವಳು ಕೂಡ ಒಂದನೇ ನಂಬರನ್ನು ಯಾರೂ ಕೇಳದೆಯೇ ಬಿಟ್ಟುಕೊಟ್ಟಿದ್ದೆ.

ಮನೆಯಲ್ಲಿ ವಿಷಯ ತೆಗೆದಾಗ ಮಾವ ಬೇಡ ಅನ್ನಲಿಲ್ಲ. ಮುಂದಿನ ಜಗಲಿಯಲ್ಲಿ ತನಗೊಂದು ಫೋನು ಬರುತ್ತದೆ ಅಂತ ಅವರಿಗೆ ಒಳಗೊಳಗೇ ಖುಷಿ. ಅಡ್ಡ ನಿಂತದ್ದು ಅತ್ತೆ.

"ಅಲ್ಲ ಕಣವ್ವ, ನೀನು ಹಿತ್ಲಗೆ ಮುಟ್ಟಾಗ್ ಕುಂತ್ಕಂಡು ಮಾತಾಡೀಯೆ. ಆ ತಂತಿ ಬಂದು ದೇವ್ರ ಮನೆ ತಂತೀಗೇ ತಾನೆ ಸೇರೋದು? ಮೈಲ್ಗೆ ಅರ್ಕಂಡು ಬರಾಕಿಲ್ವಾ?"

ನನ್ನ ಗಂಡ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು: "ಡಬ್ಬ ಅದನ್ನೆಲ್ಲ ತಡೀತದೆ ಅಂತ ಏಳ್ಬುಡು. ಕೆಲ್ಸ ಆಯ್ತದೆ. ನಿಂಗ್ಯಾಕೆ ಅವ್ವನ ತಾವ ವಾದ?"

"ನಾನ್ ಏಳಾಕಿಲ್ಲ," ಅಂದೆ. ಇಲ್ಲದ ಮೈಲಿಗೆಯನ್ನು ತಡೆಯುವುದಕ್ಕೆ ಒಂದು ಡಬ್ಬ ತಂದೆ ಅಂತ ನನ್ನ ಬಾಯಿಂದ ಬರುವುದು ಸಾಧ್ಯವಿರಲಿಲ್ಲ.

ಹೇಳಿದವನು ಮೆಕ್ಯಾನಿಕ್ಕು. ಅವನು ಬಂದು ನಡುಮನೆಯ ಗೋಡೆಗೆ ಡಬ್ಬ ಹೊಡೆದು ತಂತಿ ಎಳೆಯುತ್ತಿದ್ದಾಗ ಅತ್ತೆ ಪಕ್ಕದಲ್ಲೇ ನಿಂತು ವಿಚಾರಣೆ ಶುರುಮಾಡಿದರು.

"ತಂತಿ ಎಲ್ಲಾ ಬೇರೆ ಬೇರೆ ಕಣವ್ವಾ, ಒಂದುನ್ನೊಂದು ಮುಟ್ಟಾಕಿಲ್ಲ," ಅಂದ ಅವನು.

"ಡಬ್ಬದೊಳ್ಗೆ ಸೇರ್ತವಲ್ಲಪ್ಪಾ?"

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ಡಬ್ಬದ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಕೇಳಿದ್ದರು. ಮೆಕ್ಯಾನಿಕ್ಕು ಏಣಿಯ ಮೇಲಿಂದ ನನ್ನ ಮುಖ ನೋಡಿದ. ಆಮೇಲೆ, "ಒಳ್ಗೂ ಸೇರಾಕಿಲ್ಲ ಬುಡವ್ವಾ. ಒಂದ್ ಕಡೆ ಕೊಟ್ರೆ ಇನ್ನೊಂದ್ ಕಡೆ ಕಡ್ದಾಕ್‌ಬುಡ್ತದೆ," ಅಂದ. ಅತ್ತೆ ತಲೆದೂಗಿ ಅವನಿಗೆ ಮಜ್ಜಿಗೆ ತಂದುಕೊಟ್ಟರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಸುಳ್ಳು ನನ್ನದಲ್ಲ, ಆದರೆ ಅದರ ಲಾಭ ನನ್ನದಾಗಿತ್ತು. ನಾಚಿಕೆಯಾಯಿತು.

ಹೀಗೆ ಹಿತ್ತಿಲ ಜಗಲಿಗೆ ಫೋನು ಬಂತು. ಮೂರನೇ ನಂಬರು. ನನ್ನ ಮೂರು ದಿನ ಮುಗಿದ ಮೇಲೂ ಅತ್ತೆ ಅದನ್ನು ಸೋಕುತ್ತಿರಲಿಲ್ಲ, ಗುಡಿಸುವಾಗಲೂ ಅದರ ಸುತ್ತ ಒಂದು ಮೊಳ ಬಿಟ್ಟು ಗುಡಿಸುತ್ತಿದ್ದರು. ಕೆಲವೇ ದಿನದಲ್ಲಿ ಬೀದಿಯ ಸೊಸೆಯರಿಗೆಲ್ಲ ಸುದ್ದಿ ಹೋಯಿತು. ತಮ್ಮ ತಮ್ಮ ಮೂರು ದಿನಗಳಲ್ಲಿ ಹಿತ್ತಿಲ ಕಡೆಯಿಂದ ಬಂದು ತವರಿಗೆ ಫೋನು ಮಾಡುತ್ತಿದ್ದರು. ಮನೆಯಲ್ಲಿ ಮಾತಾಡಲಾಗದ್ದನ್ನೆಲ್ಲ ಆ ಜಗಲಿಯಲ್ಲಿ ಕೂತು ಮಾತಾಡಿ, ಕಣ್ಣೊರೆಸಿಕೊಂಡೋ ಕಿಲಕಿಲ ನಗುತ್ತಲೋ ಹೋಗುತ್ತಿದ್ದರು. ಅದು ನೋಡಲಿಕ್ಕೆ ಚೆನ್ನಾಗಿತ್ತು.

ಆದರೆ ನನಗೆ ನೆಮ್ಮದಿ ಇರಲಿಲ್ಲ. ಮೊದಲು ನನ್ನನ್ನು ಹೊರಗಿಡುವುದಕ್ಕೆ ಒಂದು ಚಾಪೆ ಮಾತ್ರ ಇತ್ತು. ಈಗ ತಂತಿ, ಡಬ್ಬ, ಫೋನು ಎಲ್ಲ ಸೇರಿದವು. ಹೊರಗಿರುವುದಕ್ಕೆ ನಾನೇ ಶ್ರೀರಂಗಪಟ್ಟಣಕ್ಕೆ ಹೋಗಿ ಸಲಕರಣೆ ಆರಿಸಿಕೊಂಡು ಬಂದಿದ್ದೆ. "ಇನ್ನೇನು, ನಿನ್ನ ಜಾಗ್ದಲ್ಲೇ ಎಲ್ಲಾ ಅದಲ್ಲ," ಅಂತ ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಅಂದಾಗ ನನಗೆ ಮೈ ಉರಿಯಿತು.

ಕರೆಂಟಿನ ಕತೆ ನಮ್ಮ ಕಡೆ ಹೇಳುವುದೇ ಬೇಡ. ಇದ್ದಷ್ಟು ಹೊತ್ತು ಇರುತ್ತಿತ್ತು, ಹೋದರೆ ಹೋದಂತೆಯೇ. ಒಂದು ಮಧ್ಯಾಹ್ನ ಕರೆಂಟಿರಲಿಲ್ಲ. ನಾನು ಹಿತ್ತಿಲ ಜಗಲಿಯಲ್ಲಿದ್ದೆ. ಅತ್ತೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ದೇವರ ಮನೆಯ ಫೋನು ಬಡಿದುಕೊಂಡಿತು. ನನ್ನ ಪಕ್ಕದ ಫೋನು ಸತ್ತು ಬಿದ್ದಿತ್ತು. ಅತ್ತೆ ಎದ್ದರು, ಸೆರಗಿನ ಸಿಪ್ಪೆ ಕೊಡವಿದರು, ಬಚ್ಚಲಿಗೆ ಹೋಗಿ ಕೈಕಾಲು ತೊಳೆಯಲು ಶುರುಮಾಡಿದರು. ತೊಳೆಯದೆ ದೇವರ ಮನೆಗೆ ಅವರು ಕಾಲಿಡುವವರೇ ಅಲ್ಲ. ಅಷ್ಟರಲ್ಲಿ ಫೋನು ನಿಂತಿತು. ಮತ್ತೆ ಬಡಿದುಕೊಂಡಿತು.

ನಾನು ಎದ್ದೆ. ಹೊಸ್ತಿಲು ದಾಟಿದೆ.

"ಏಯ್! ಎಲ್ಗೇ ಓಯ್ತಿದ್ದೀಯೇ? ನಿಂತ್ಕಳೇ!"

ನಿಲ್ಲಲಿಲ್ಲ. ನಡುಮನೆ ದಾಟಿ, ದೇವರ ಮನೆಗೆ ಹೋಗಿ, ಪಟಗಳ ಮುಂದೆ ನಿಂತು ಫೋನು ಎತ್ತಿದೆ. ಅದು ಹೆರಿಗೆಯ ಫೋನಲ್ಲ. ಕಬ್ಬು ಕಡಿಯುವ ಆಳುಗಳ ಮೇಸ್ತ್ರಿ, ಮಾವನನ್ನು ಕೇಳಿದ. ಇಲ್ಲ, ಸಂಜೆ ಮಾಡಪ್ಪ ಅಂತ ಹೇಳಿ ಇಟ್ಟೆ.

ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ, ಅದು ಒಂದು ಜೀವ ಉಳಿಸುವ ಫೋನಾಗಿದ್ದರೆ ಚೆನ್ನಾಗಿತ್ತು ಅಂತ. ನನಗೆ ಹಾಗನ್ನಿಸಿಲ್ಲ. ಕಬ್ಬಿನ ಮೇಸ್ತ್ರಿಯ ಫೋನೇ ಸರಿ. ನನ್ನ ಮನೆಯ ಫೋನು ಎತ್ತುವುದಕ್ಕೆ ಯಾರಾದರೂ ಸಾಯುವ ಹಾಗಿರಬೇಕು ಅಂತ ಯಾಕೆ?

ಆವತ್ತು ರಂಪವಾಯಿತು. ಅತ್ತೆ ಅತ್ತರು, ನನ್ನ ತವರಿನವರನ್ನೆಲ್ಲ ಸೇರಿಸಿ ಬೈದರು. "ಅಂಗೇನಾರಾ ಎಡ್ವಟ್ಟಾಯ್ತು ಅಂದ್ರೆ ಯಾರೇ ಒಣೆ?" ಅಂದರು. "ನಾನೇ ಒಣೆ," ಅಂದೆ. "ಆ ಮಗೀಗೂ ನಾನೇ ಒಣೆ. ಆವತ್ತು ಎತ್ದೆ ಕುಂತಿದ್ನಲ್ಲ, ಅದ್ಕೂ ನಾನೇಯ." ಅತ್ತೆಗೆ ಆ ಭಾನುವಾರದ ವಿಷಯ ಗೊತ್ತಾದದ್ದು ಆಗಲೇ. ಒಂದು ಗಳಿಗೆ ನನ್ನನ್ನೇ ನೋಡಿದರು. ಒಳಗೆ ಹೋಗಿ ದೇವರ ಮನೆ ಸಾರಿಸಲು ಕೂತರು.

ಸಾರಿಸಿದರು, ಪಟ ಒರೆಸಿದರು, ಎಲ್ಲ ಕಡೆ ಗಂಜಲ ಚಿಮುಕಿಸಿದರು. ನಾನು ಮುಟ್ಟಿದ್ದು ಫೋನನ್ನಲ್ಲವೇ? ಅದಕ್ಕೆ ಚಿಮುಕಿಸಿದರೆ ಸಾಲದು ಅನ್ನಿಸಿರಬೇಕು. ಬೊಗಸೆಯಲ್ಲೇ ಹೊಯ್ದರು.

ಫೋನು ಶುದ್ಧವಾಯಿತು, ಮತ್ತೆ ಬಾಯಿಬಿಡಲಿಲ್ಲ. ಮಾರನೆಯ ದಿನ ಮಾವ ಅದನ್ನು ತಟ್ಟಿದರು, ಕಿವಿಗಿಟ್ಟು ಅಲ್ಲಾಡಿಸಿದರು, ಕೊನೆಗೆ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಅವನು ಬಂದು ಬಿಚ್ಚಿ ಮೂಗು ಮುಚ್ಚಿಕೊಂಡ.

"ಇದ್ಕೇನ್ ಕುಡ್ಸಿದ್ದೀರಿ ಯಜಮಾನ್ರೇ?"

ಅತ್ತೆ ಕೊಟ್ಟಿಗೆ ಕಡೆ ಹೋದರು. ಇದು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬೇರೆ ತರಬೇಕು, ಅಲ್ಲಿಯವರೆಗೆ ಕರೆಂಟು ಹೋದಾಗ ಯಾವ ಫೋನು ಕೆಲಸ ಮಾಡಲಿ ಅಂತ ಕೇಳಿದ. ಎರಡನೇ ಸಲ ಅದೇ ಪ್ರಶ್ನೆ. ಈ ಸಲ ನಾನು ಯೋಚಿಸಿಯೇ ಇದ್ದೆ.

"ಹಿತ್ಲುದು," ಅಂದೆ. "ಒಂದ್ನೇ ನಂಬರ್ ಹಿತ್ಲುಕ್ಕಾಕು. ವಾಪ್ಸು ಬದ್ಲಾಯಿಸ್ಬ್ಯಾಡ."

ಮಾವ ಕೆಮ್ಮಿದರು. ಗಂಡ ಸೂರು ನೋಡಿದರು. ಮೆಕ್ಯಾನಿಕ್ಕು ಇಬ್ಬರ ಮುಖವನ್ನೂ ನೋಡಿ, ಡಬ್ಬದ ಮುಚ್ಚಳ ತೆಗೆದು, ಎರಡು ತಂತಿಗಳನ್ನು ಅದಲುಬದಲು ಮಾಡಿದ. ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟಕ್ಕೆ ಎಷ್ಟು ದೂರ ಸುತ್ತಿ ಬಂದಿದ್ದೆವು!

ಅಲ್ಲಿಂದಾಚೆಗೆ ಕರೆಂಟು ಹೋದರೆ ಇಡೀ ಮನೆ ಹಿತ್ತಿಲ ಜಗಲಿಗೆ ಬರಬೇಕಾಯಿತು. ಮಾವ ಕಬ್ಬಿನ ಮಾತುಕತೆಯನ್ನು ನನ್ನ ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಗಿಸುತ್ತಿದ್ದರು. ನನ್ನ ದಿನಗಳಲ್ಲಾದರೆ ನಾನು ಎತ್ತಿ, ಯಾರೆಂದು ಕೇಳಿ, ರಿಸೀವರನ್ನು ನೆಲದ ಮೇಲಿಟ್ಟು ಸರಿಯುತ್ತಿದ್ದೆ, ಅವರು ಎತ್ತಿಕೊಳ್ಳುತ್ತಿದ್ದರು. ಅಷ್ಟನ್ನು ನಾನಿನ್ನೂ ಪಾಲಿಸಿಕೊಂಡು ಬಂದಿದ್ದೆ. ಅತ್ತೆ ಮಾತ್ರ ಆ ಫೋನಿನ ಹತ್ತಿರ ಸುಳಿಯಲೇ ಇಲ್ಲ. ಕರೆಂಟಿಲ್ಲದಾಗ ಯಾರು ಕರೆದರೂ, ಆಮೇಲೆ ಮಾಡಾಕ್ಹೇಳು ಅನ್ನುತ್ತಿದ್ದರು.

ಅತ್ತೆಯ ಮಗಳು, ನನ್ನ ನಾದಿನಿ, ನಾಗಮಂಗಲದ ಕಡೆ ದೇವಲಾಪುರಕ್ಕೆ ಕೊಟ್ಟ ಹುಡುಗಿ. ಆಗ ಎಂಟು ತಿಂಗಳ ಬಸುರಿ. ಒಂದು ಬೆಳಿಗ್ಗೆ ಕರೆಂಟು ಹೋಗಿದ್ದಾಗ ಅವಳ ಫೋನು ಬಂತು. ನಾನು ಹೊರಗಿದ್ದೆ, ಎತ್ತಿದೆ. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಅಂದಳು. ಮುಖ ಕಾಲು ಊದಿವೆ ಅಂದಳು. ಕಣ್ಣು ಮಂಜಾಗುತ್ತಿದೆಯಾ ಅಂತ ಕೇಳಿದೆ. ಹೂಂ ಅಂದಳು. ಬಿ.ಪಿ. ಏರಿದೆ, ತಡಮಾಡಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಅಂತ ಗೊತ್ತಾಯಿತು.

"ಈಗಿಂದೀಗ್ಲೇ ನಾಗಮಂಗಲದ ಆಸ್ಪತ್ರೆಗೆ ಓಗು. ಕಾರ್ ಮಾಡ್ಕಂಡು ಓಗು. ನಾನು ಬತ್ತಾ ಇವ್ನಿ," ಅಂದೆ.

"ಅತ್ಗೆ, ಅವ್ವಂಗೆ ಕೊಡಿ. ಒಂದ್ಸಲ ಕೊಡಿ," ಅಂತ ಅಳತೊಡಗಿದಳು.

ಅತ್ತೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದರು. ನನ್ನ ಮಾತೆಲ್ಲ ಕೇಳಿಸಿಕೊಂಡಿದ್ದರು. ಎರಡು ಹೆಜ್ಜೆ ದೂರ. ನಾನು ರಿಸೀವರನ್ನು ಅವರತ್ತ ಚಾಚಿದೆ.

"ಕೆಳ್ಗಿಡು," ಅಂದರು.

"ಇಡಾಕಿಲ್ಲ ಅತ್ತೆ."

"ಕೆಳ್ಗಿಡವ್ವಾ, ಎತ್ಕತೀನಿ."

"ಇಡಾಕಿಲ್ಲ. ನನ್ ಕೈಯಿಂದ ಈಸ್ಕಳಿ. ಈ ಕೈಲೇ ನಾನೀಗ ಅವಳ್ನ ಮುಟ್ಟಾಕೆ ಓಯ್ತಿರೋದು. ಬ್ಯಾಡ ಅಂದ್ರೆ ಏಳ್ಬುಡಿ, ಓಗಾಕಿಲ್ಲ."

ಇಂಥ ಹೊತ್ತಿನಲ್ಲಿ ಹಾಗನ್ನಬಹುದಿತ್ತೇ? ಕ್ರೂರವಾಗಿತ್ತು ಅಂತ ನನಗೆ ಗೊತ್ತು. ಅವರು ಬೇಡ ಅಂದಿದ್ದರೂ ನಾನು ಹೋಗುತ್ತಿದ್ದೆ. ಆದರೂ ಅಂದೆ, ಅಂದದ್ದಕ್ಕೆ ಇವತ್ತಿಗೂ ವಿಷಾದವಿಲ್ಲ. ರಿಸೀವರಿನೊಳಗಿಂದ ಸಣ್ಣಗೆ "ಅವ್ವಾ, ಅವ್ವಾ" ಅನ್ನುವುದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು.

ಅತ್ತೆ ಆ ಎರಡು ಹೆಜ್ಜೆ ಇಟ್ಟರು. ನನ್ನ ಕೈಯಿಂದ ರಿಸೀವರು ತೆಗೆದುಕೊಂಡರು. ಅವರ ಬೆರಳು ನನ್ನ ಬೆರಳಿಗೆ ತಗುಲಿತು, ತಣ್ಣಗಿತ್ತು. ನನ್ನ ಚಾಪೆಯ ಮೇಲೆ ಕೂತು, "ಏನಾಗಾಕಿಲ್ಲ ಮಗಾ, ನಿಮ್ಮತ್ಗೆ ಬತ್ತಾವ್ಳೆ," ಅಂದರು.

ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಅತ್ತೆ ಹಿತ್ತಿಲ ಬಾಗಿಲಲ್ಲಿ ನನ್ನ ಕಪ್ಪು ಬ್ಯಾಗು ಹಿಡಿದುಕೊಂಡು ನಿಂತಿದ್ದರು. ಹೆರಿಗೆಯ ಸಾಮಾನಿರುವ ಬ್ಯಾಗು, ಒಳಗಿನ ಮೊಳೆಗೆ ನೇತುಹಾಕಿರುತ್ತಿದ್ದೆ. ಅದನ್ನು ಅವರು ನೆಲದ ಮೇಲಿಡಲಿಲ್ಲ. ನನ್ನ ಕೈಗೇ ಕೊಟ್ಟರು.

"ಈ ಕಡೆಯಿಂದ ಬ್ಯಾಡ, ಸುತ್ತಾಯ್ತದೆ," ಅಂದರು. "ಮುಂದ್ಲ ಬಾಕ್ಲಲ್ಲೇ ಓಗು, ಬಸ್ಸು ಓಯ್ತದೆ."

ನಾನು ನಡುಮನೆಯ ಮೂಲಕ, ದೇವರ ಮನೆಯ ಮುಂದೆಯೇ ಹಾದು, ಮುಂದಿನ ಬಾಗಿಲಿನಿಂದ ಹೊರಟೆ.